ಉರಿಯೂತದ ಊಟವೂ ಯೂರಿಕ್ ಆಮ್ಲವೂ

(ಮಹೋತ್ಸವದ ಮೂರನೆಯ ದಿನ ಬೆಳಗಿನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಮಹೋತ್ಸವದ ಗೋಷ್ಠಿಗಳಲ್ಲಿ ಶಾಸ್ತ್ರವನ್ನೂ ಸಾಹಿತ್ಯವನ್ನೂ ಕುರಿತು ಮಾತನಾಡಲು ಅಧಿಕಾರಿಗಳಾದ ವಿದ್ವಾಂಸರು ಬಂದಿರುವರು. ಅವರ ನಡುವೆ, ರೋಗಗಳ ಸಂಗತಿಯ ಹೊರತು ಬೇರೊಂದನ್ನರಿಯದ ನನ್ನನ್ನು ನಿಲ್ಲಿಸಿದುದು ಸನ್ನಿಧಿಯವರ ಅಪ್ಪಣೆ. ಯಾವ ವಿಷಯವನ್ನು ಹೇಳಬೇಕೆಂದು ನಾನು ಕೇಳಿದಾಗ ಅವರು, "ಪಂಕ್ತಿಯಲ್ಲಿ ಕೂಡ್ರಲಾರದೆ ಕುರ್ಚಿಯ ಮೇಲೆ ಕುಳಿತು ಉಣ್ಣುವವರ ಸಂಖ್ಯೆ ವರುಷದಿಂದ ವರುಷಕ್ಕೆ ಬೆಳೆಯುತ್ತಲಿದೆ. ಅದರ ಕಾರಣವನ್ನು ಹೇಳು" ಎಂದರು. ಕುರ್ಚಿಯನ್ನು ಬಯಸುವ ಎಲ್ಲ ಮೊಣಕಾಲುಗಳೂ ಒಂದೇ ಕಾರಣದಿಂದ ಕೆಟ್ಟವುಗಳಲ್ಲ. ಅವುಗಳಲ್ಲಿ ಹೆಚ್ಚಿನವು ವಯಸ್ಸಿನಿಂದಲೂ ಭಾರದಿಂದಲೂ ಸವೆದಂಥವು. ಆದರೆ ಅವುಗಳ ನಡುವೆ ಸವೆತವಲ್ಲದ, ಉರಿಯಿಂದ ಬಂದ ಒಂದು ವ್ಯಾಧಿಯೂ ಅಡಗಿರುವದು. ಅದರ ಮೂಲವು ರಕ್ತದಲ್ಲಿ ಮಿತಿಮೀರಿದ ಯೂರಿಕ್ ಆಮ್ಲ. ಅದರ ವಿಷಯವಾಗಿಯೇ ನಾನು ಇಂದು ಮಾತನಾಡಬೇಕೆಂದಿರುವೆನು. ಹೀಗೆ ಆರಿಸಿಕೊಂಡುದಕ್ಕೆ ನನ್ನ ಮನೆಯದೇ ಒಂದು ಕಾರಣವುಂಟು. ಅದನ್ನು ಮೊದಲು ಹೇಳಿಬಿಡುವೆನು.

ನನ್ನ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಮಾಂಸವನ್ನಾಗಲಿ ಮದ್ಯವನ್ನಾಗಲಿ ಆಜನ್ಮ ಮುಟ್ಟಿದವರಲ್ಲ. ೧೯೯೧ ರ ಮಳೆಗಾಲದಲ್ಲಿ ಒಂದು ರಾತ್ರಿ, ಮದುವೆಯ ಊಟವನ್ನು ಮುಗಿಸಿ ಬಂದು ಮಲಗಿದವರು ಎರಡನೆಯ ಜಾವದಲ್ಲಿ ಚೀರಿಕೊಂಡು ಎದ್ದರು. ಬಲಗಾಲಿನ ಹೆಬ್ಬೆರಳಿನ ಬುಡವು ಕೆಂಡದಂತೆ ಕೆಂಪಾಗಿ ಬಾತಿದ್ದಿತು. ಮೇಲೆ ಹೊದೆದ ಧೋತರದ ಭಾರವನ್ನು ಸಹ ಆ ಬೆರಳು ತಾಳಲಿಲ್ಲ. ಊರಿನ ತಿಳಿದವರೊಬ್ಬರು ನೋಡಿ, "ಇದು ಮಾಂಸ ಮದ್ಯಗಳ ಬೇನೆಯಲ್ಲವೇ, ಮಾಸ್ತರರೇ?" ಎಂದು ನಗುತ್ತ ಕೇಳಿದರು. ಹಾಸ್ಯಕ್ಕೆಂದೇ ಆಡಿದ ಮಾತು ಅದು. ಆದರೆ ತಂದೆಯವರ ಎದೆಯಲ್ಲಿ ಅದು ಮುಳ್ಳಾಗಿ ಉಳಿಯಿತು. ಅಂದಿನಿಂದ ಅವರು ತಮ್ಮ ಬೇನೆಯನ್ನು ಜನರಿಗೆ ಕಾಣದಂತೆ ಬಚ್ಚಿಡಹತ್ತಿದರು. ಬೇನೆ ಬಂದಾಗಲೆಲ್ಲ ಅಂಗಡಿಯಿಂದ ನೋವಿನ ಗುಳಿಗೆಯನ್ನು ತರಿಸಿ ನುಂಗುವರು. ಕಾಲು ಉಳುಕಿದೆಯೆಂದು ಹೇಳುವರು.

ಆಗ ನಾನು ಹೊಸದಾಗಿ ವೈದ್ಯನಾದವನು. ಪುಸ್ತಕದಲ್ಲಿ ಓದಿದುದನ್ನು ಅವರಿಗೆ ಒಪ್ಪಿಸಿದೆನು: ತೊಗರಿಬೇಳೆ ಬೇಡ, ಮಡಿಕೆಕಾಳು ಬೇಡ, ಪಾಲಕ ಬೇಡ. ಹುಳಿ ಎಂಬ ಕಾರಣದಿಂದ ಮಜ್ಜಿಗೆಯನ್ನೂ ಮನೆಯವರು ತಾವಾಗಿಯೇ ಬಿಡಿಸಿದರು, ನಾನು ಸುಮ್ಮನಿದ್ದೆನು. ತಂದೆಯವರು ಪಥ್ಯವನ್ನು ವ್ರತದಂತೆ ನಡೆಯಿಸಿದರು. ಬೇಳೆಯಿಲ್ಲದ ತಿಳಿಸಾರು, ಬೆಳ್ಳಗಿನ ಅನ್ನ, ಹಸಿವಾದಾಗ ಬ್ರೆಡ್ಡು ಬಿಸ್ಕೀಟು, ದಿನಕ್ಕೆ ಏಳೆಂಟು ಸಲ ಸಕ್ಕರೆಯ ಚಹ ಇವೇ ಅವರ ಆಹಾರವಾದವು. ಯೂರಿಕ್ ಆಮ್ಲವು ಇಳಿಯಲಿಲ್ಲ, ಏರಿತು. ಹತ್ತು ವರುಷಗಳ ಗುಳಿಗೆಗಳಿಂದಲೂ, ಅಷ್ಟೇ ಕಾಲದ ಆಮ್ಲದಿಂದಲೂ ಮೂತ್ರಪಿಂಡಗಳು ಬತ್ತಿಹೋಗಿ ಅವರು ೨೦೦೩ ರಲ್ಲಿ ತೀರಿಕೊಂಡರು. ನನ್ನ ಪಥ್ಯವು ತಪ್ಪಾಗಿದ್ದಿತೆಂದು ತೋರಿಸಿಕೊಟ್ಟ ಸಂಶೋಧನೆಯು ಪ್ರಕಟವಾದುದು ಮರುವರುಷ. ಅದನ್ನು ಮುಂದೆ ಹೇಳುವೆನು.

ಮೊದಲು, ಈ ಯೂರಿಕ್ ಆಮ್ಲವೆಂದರೇನು? ಹೆಸರನ್ನು ಕೇಳಿ ಅನೇಕರು ಇದು ಹುಳಿಯಿಂದ ಹುಟ್ಟುವದೆಂದು ಭಾವಿಸಿ ಹುಣಿಸೆ ನಿಂಬೆಗಳನ್ನು ದೂರಮಾಡುವರು. ಅದು ಶಬ್ದವು ಮಾಡಿದ ಮೋಸ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ನಡುವಿನಲ್ಲಿ ವಂಶಗುಣಗಳನ್ನು ಹೊತ್ತ ದ್ರವ್ಯವಿರುವದು. ಕೋಶಗಳು ಸಾಯುವವು, ಹೊಸವು ಹುಟ್ಟುವವು. ಸತ್ತ ಕೋಶದ ಆ ದ್ರವ್ಯವು ಒಡೆದಾಗ ಪ್ಯೂರಿನ್ ಎಂಬ ವಸ್ತುಗಳು ಹೊರಬೀಳುವವು. ಅವುಗಳ ಕಟ್ಟಕಡೆಯ ಬೂದಿಯೇ ಯೂರಿಕ್ ಆಮ್ಲ. ಒಲೆ ಉರಿದಲ್ಲಿ ಬೂದಿ ಇದ್ದೇ ಇರುವದು. ಬೂದಿಯಿರುವದು ದೋಷವಲ್ಲ, ಅದನ್ನು ತೆಗೆಯದೆ ಒಲೆ ಕಟ್ಟಿಕೊಳ್ಳುವದು ದೋಷ. ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು. ಈ ಬೂದಿಯ ಸುಮಾರು ಮೂರರಲ್ಲಿ ಎರಡು ಪಾಲು ನಮ್ಮ ದೇಹದೊಳಗೇ ಹುಟ್ಟುವದು. ನಾವು ಉಂಡುದರಿಂದ ಬರುವದು ಮೂರರಲ್ಲಿ ಒಂದು ಪಾಲು ಮಾತ್ರ. ಹೊರಹೋಗುವಾಗಲೂ ಇಂಥದೇ ಲೆಕ್ಕ: ಎರಡು ಪಾಲು ಮೂತ್ರಪಿಂಡಗಳ ಮುಖಾಂತರ, ಒಂದು ಪಾಲು ಕರುಳಿನ ಮುಖಾಂತರ.

ಬಹುತೇಕ ಸಸ್ತನಿ ಪ್ರಾಣಿಗಳಲ್ಲಿ ಈ ಆಮ್ಲವನ್ನು ಇನ್ನೂ ಒಡೆದು ನೀರಿನಲ್ಲಿ ಸುಲಭವಾಗಿ ಕರಗುವಂತೆ ಮಾಡುವ ಯೂರಿಕೇಸ್ ಎಂಬ ಕಿಣ್ವವುಂಟು. ಆಕಳಿಗೆ ಉಂಟು, ಇಲಿಗೆ ಉಂಟು. ಮನುಷ್ಯನೂ ಅವನ ಬಂಧುಗಳಾದ ದೊಡ್ಡ ವಾನರಗಳೂ ಅದನ್ನು ಲಕ್ಷಾಂತರ ವರುಷಗಳ ಹಿಂದೆಯೇ ಕಳೆದುಕೊಂಡರು. ಅದೂ ಸಾಲದೆ, ನಮ್ಮ ಮೂತ್ರಪಿಂಡಗಳು ಒಮ್ಮೆ ಸೋಸಿ ಹಾಕಿದ ಯೂರಿಕ್ ಆಮ್ಲದ ಹತ್ತರಲ್ಲಿ ಒಂಬತ್ತು ಪಾಲನ್ನು ತಿರುಗಿ ರಕ್ತಕ್ಕೇ ಎಳೆದುಕೊಳ್ಳುವವು. ಹಾಗೆ ಎಳೆದುಕೊಳ್ಳುವ ಬಾಗಿಲುಗಳಲ್ಲಿ ಮುಖ್ಯವಾದುದನ್ನು ಜಪಾನಿನ ಸಂಶೋಧಕರು ೨೦೦೨ ರಲ್ಲಿ ಗುರುತಿಸಿದರು. ಹೀಗೆ ನಾವು ಹುಟ್ಟಿನಿಂದಲೇ ಅಂಚಿನ ಮೇಲೆ ನಡೆಯುವವರು. ನೂರು ಮಿಲಿಲೀಟರು ರಕ್ತರಸದಲ್ಲಿ ಸುಮಾರು ೬.೮ ಮಿಲಿಗ್ರಾಂ ಆಮ್ಲವು ಕರಗಿ ನಿಲ್ಲಬಲ್ಲುದು. ಅದನ್ನು ದಾಟಿದರೆ ಹರಳುಗಟ್ಟುವ ಸಂಭವವುಂಟು. ಆದಕಾರಣವೇ ವೈದ್ಯರು ಗಂಡಸರಲ್ಲಿ ೭ ನ್ನೂ ಹೆಂಗಸರಲ್ಲಿ ೬ ನ್ನೂ ಮೇರೆಯೆಂದು ಸಾಮಾನ್ಯವಾಗಿ ಹಿಡಿದಿರುವರು. ಹೆಂಗಸರಿಗೆ ಮುಟ್ಟು ನಿಲ್ಲುವವರೆಗೂ ಸ್ತ್ರೀಸಹಜವಾದ ರಸವೊಂದು ಈ ಆಮ್ಲವನ್ನು ಹೊರದೂಡಿ ಕಾಯುವದು. ಅನಂತರ ಆ ಕಾವಲು ತಪ್ಪುವದು. ತಂಪಾದ ಸ್ಥಳದಲ್ಲಿ ಹರಳು ಬೇಗ ಕಟ್ಟುವದರಿಂದ ದೇಹದ ತುದಿಯಾದ ಹೆಬ್ಬೆರಳೇ ಮೊದಲ ಗುರಿಯಾಗುವದುಂಟು.

ಈ ರೋಗವು ಹೊಸದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೯ ನೆಯ ಅಧ್ಯಾಯವು ವಾತರಕ್ತವೆಂಬ ವ್ಯಾಧಿಯನ್ನು ವರ್ಣಿಸಿದೆ. ಕೈಕಾಲುಗಳ ಸಂದುಗಳಲ್ಲಿ ತೊಡಗುವ ಆ ಬೇನೆಗೆ ಆಢ್ಯವಾತ, ಅಂದರೆ ಉಳ್ಳವರ ವಾತ, ಎಂಬ ಹೆಸರೂ ಉಂಟು. ಪಶ್ಚಿಮದಲ್ಲಿಯೂ ಇದನ್ನು ಅರಸರ ರೋಗವೆಂದು ಕರೆದರು. ೧೭೭೬ ರಲ್ಲಿ ಸ್ವೀಡನ್ನಿನ ಶೀಲೆ ಎಂಬ ರಸಾಯನಜ್ಞನು ಮೂತ್ರಕೋಶದ ಕಲ್ಲಿನಲ್ಲಿ ಈ ಆಮ್ಲವನ್ನು ಕಂಡುಹಿಡಿದನು. ೧೮೪೮ ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ಎಂಬವನು ರೋಗಿಗಳ ರಕ್ತದಲ್ಲಿಯೇ ಅದು ಹೆಚ್ಚಿರುವದನ್ನು ತೋರಿಸಿಕೊಟ್ಟನು. ಮುಂದೆ ಅವನು ಮಾಡಿದ ಪರೀಕ್ಷೆಯು ಬಹು ಸರಳವಾದುದು: ಹುಳಿ ಬೆರೆಸಿದ ರಕ್ತರಸದಲ್ಲಿ ಒಂದು ನೂಲಿನ ಎಳೆಯನ್ನು ಇಳಿಬಿಟ್ಟು ಕಾದರೆ, ಕಲ್ಲುಸಕ್ಕರೆಯು ದಾರಕ್ಕೆ ಕಟ್ಟುವಂತೆ ಆಮ್ಲದ ಹರಳುಗಳು ಎಳೆಗೆ ಅಂಟುವವು. ಉಳ್ಳವರ ರೋಗವೆಂಬ ಆ ಹಳೆಯ ಹೆಸರೇ ನಮ್ಮ ತಂದೆಯವರಿಗೆ ನಾಚಿಕೆಯನ್ನು ತಂದಿತಲ್ಲವೇ! ಹೆಸರುಗಳು ಕಾಲಕಾಲಕ್ಕೆ ಬದಲಾಗುವದು ಒಳ್ಳೆಯದು.

ಇನ್ನು ಉರಿಯೂತದ ಮಾತು. ಹರಳು ಸಂದಿನಲ್ಲಿ ಸುಮ್ಮನೆ ಬಿದ್ದಿರುವದೂ ಉಂಟು. ರಕ್ತದಲ್ಲಿ ಆಮ್ಲವು ಹೆಚ್ಚಿದ ಬಹುಜನರಿಗೆ ಕಾಲು ಎಂದೂ ಬಾತುಕೊಳ್ಳುವದಿಲ್ಲ. ಹಾಗಾದರೆ ಒಂದು ರಾತ್ರಿ ಏಕಾಏಕಿ ಬೆಂಕಿ ಹೊತ್ತಿಕೊಳ್ಳುವದೇಕೆ? ೨೦೦೬ ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದರ ಒಂದು ಕೀಲಿಕೈ ಸಿಕ್ಕಿತು. ನಮ್ಮ ರಕ್ಷಕಕೋಶಗಳು ಹರಳನ್ನು ಶತ್ರುವೆಂದು ತಿಳಿದು ನುಂಗುವವು. ಒಳಗೆ ಒಂದು ಎಚ್ಚರದ ಯಂತ್ರವು ಚಾಲೂ ಆಗುವದು. ಅದು ಇಂಟರ್‌ಲ್ಯೂಕಿನ್ ಎಂಬ ದೂತರಸಗಳಲ್ಲೊಂದನ್ನು ಹೊರಬಿಡುವದು. ಆ ಕರೆಗೆ ಓಗೊಟ್ಟು ಬಿಳಿಯ ರಕ್ತಕಣಗಳು ದಂಡುಗಟ್ಟಿ ಬರುವವು. ಬಾವು, ಕೆಂಪು, ಉರಿ ಎಲ್ಲವೂ ಆ ಯುದ್ಧದ ಧೂಳು. ೨೦೧೦ ರಲ್ಲಿ ನೆದರ್ಲೆಂಡಿನ ಸಂಶೋಧಕರು ಕೋಶಗಳ ಮೇಲೆಯೂ ಇಲಿಗಳ ಮೇಲೆಯೂ ಪ್ರಯೋಗ ಮಾಡಿ ಮತ್ತೊಂದು ಸೋಜಿಗವನ್ನು ಕಂಡರು. ಹರಳು ತಾನೊಂದೇ ಇದ್ದರೆ ಆ ಉರಿಯು ಸಾಕಷ್ಟು ಹೊತ್ತಲಿಲ್ಲ. ಅದರ ಸಂಗಡ ಕೊಬ್ಬಿನ ಆಮ್ಲಗಳು ಕೂಡಿದಾಗ ಭಗ್ಗನೆ ಹೊತ್ತಿತು. ತುಪ್ಪ ಎಣ್ಣೆಗಳಲ್ಲಿ ಮಿಂದ ಮದುವೆಯೂಟದ ರಾತ್ರಿಯೇ ನಮ್ಮ ತಂದೆಯವರು ಚೀರಿ ಎದ್ದುದನ್ನು ನಾನು ಆ ಲೇಖನವನ್ನೋದುತ್ತ ನೆನೆದೆನು.

ಇದು ಕಣ್ಣಿಗೆ ಕಾಣುವ ಉರಿ. ಕಾಣದ ಉರಿಯೊಂದು ಬೇರೆ ಇರುವದು. ಬೂದಿ ಮುಚ್ಚಿದ ಕೆಂಡದಂಥದು. ಜ್ವರವಿಲ್ಲ, ಬಾವಿಲ್ಲ, ಆದರೆ ರಕ್ತವನ್ನು ಪರೀಕ್ಷಿಸಿದರೆ ಉರಿಯೂತದ ದೂತರಸಗಳು ವರುಷಗಟ್ಟಲೆ ತುಸು ತುಸು ಏರಿಯೇ ಇರುವವು. ಇದನ್ನು ಅಳೆಯಲು ಯಕೃತ್ತು ತಯಾರಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ದ್ರವ್ಯವು ಉಪಯೋಗವಾಗುವದು. ೧೯೩೦ ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಕಂಡುಹಿಡಿದಾಗ ಅದು ಪುಪ್ಪುಸಜ್ವರದ ರೋಗಿಗಳ ರಕ್ತದ ಒಂದು ವಿಚಿತ್ರವೆಂದು ಮಾತ್ರ ತಿಳಿದಿದ್ದರು. ಹೊಟ್ಟೆಯ ಸುತ್ತಲಿನ ಕೊಬ್ಬು ಈ ಕೆಂಡಕ್ಕೆ ದೊಡ್ಡ ಸೌದೆ. ತಂಬಾಕು, ನಿದ್ರೆಗೇಡು, ಕೂತಲ್ಲೇ ಕೂಡ್ರುವದು ಇವು ಉಳಿದವು. ನಮ್ಮ ಊಟವೂ ಅದರಲ್ಲಿ ಪಾಲುಗಾರ.

ಯಾವ ಊಟವು ಈ ಕೆಂಡವನ್ನು ಊದುವದು, ಯಾವುದು ಆರಿಸುವದು ಎಂಬುದಕ್ಕೆ ಒಂದು ಅಳತೆಗೋಲನ್ನು ಅಮೇರಿಕೆಯ ದಕ್ಷಿಣ ಕ್ಯಾರೋಲಿನಾ ವಿಶ್ವವಿದ್ಯಾಲಯದ ಪಂಡಿತರು ಸಿದ್ಧಪಡಿಸಿದರು. ಅದರ ಈಗಿನ ರೂಪವು ೨೦೧೪ ರದು. ೨೦೧೦ ರವರೆಗೆ ಪ್ರಕಟವಾದ ೧,೯೪೩ ಲೇಖನಗಳನ್ನು ಶೋಧಿಸಿ ೪೫ ಆಹಾರಾಂಶಗಳಿಗೆ ಅವರು ಅಂಕಗಳನ್ನು ಕೊಟ್ಟರು. ಉರಿಯನ್ನು ಹೆಚ್ಚಿಸುವ ಪಕ್ಷದಲ್ಲಿ ಗಟ್ಟಿಕೊಬ್ಬು, ಯಂತ್ರದಲ್ಲಿ ಗಟ್ಟಿಗೊಳಿಸಿದ ಎಣ್ಣೆಯ ಕೊಬ್ಬು, ಮಿತಿಮೀರಿದ ಪಿಷ್ಟ, ಒಟ್ಟಿನಲ್ಲಿ ಅತಿಯಾದ ಊಟ. ತಗ್ಗಿಸುವ ಪಕ್ಷದಲ್ಲಿ ನಾರು, ಅರಿಶಿಣ, ಶುಂಠಿ, ಬೆಳ್ಳುಳ್ಳಿ, ಉಳ್ಳಾಗಡ್ಡೆ, ಮೆಣಸು, ಚಹದ ಎಲೆ ಇವು ನಿಂತವು. ಅರಿಶಿಣಕ್ಕೆ ಮುಂಚೂಣಿಯ ಸ್ಥಾನವು ದೊರೆತುದನ್ನು ಕೇಳಿ ನಮ್ಮ ತಾಯಂದಿರು ಸಂತೋಷಪಡಬಹುದು. ಆದರೆ ಸಾರಿಗೆ ಹಾಕುವ ಒಂದು ಚಿಟಿಕೆಯು ಔಷಧವಲ್ಲ. ಎಣ್ಣೆಯಲ್ಲಿ ಕರಿದ ಭಜಿಯೊಳಗೆ ಅರಿಶಿಣವಿದ್ದ ಮಾತ್ರಕ್ಕೆ ಭಜಿಯು ಕಷಾಯವಾಗಲಾರದು.

ಈ ಅಳತೆಗೋಲಿನಿಂದ ಅಳೆದು, ಅಮೇರಿಕೆಯ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ದಾಖಲಾದ ವಯಸ್ಕರ ಊಟವನ್ನೂ ರಕ್ತವನ್ನೂ ಹೋಲಿಸಿ ನೋಡಿದವರು ಹಲವರು. ಉರಿಯೂತದ ಅಂಕವು ಹೆಚ್ಚಿದ್ದ ಊಟವನ್ನು ಉಣ್ಣುವವರಲ್ಲಿ ಹೆಚ್ಚಿನ ಯೂರಿಕ್ ಆಮ್ಲವುಳ್ಳವರು ಹೆಚ್ಚಾಗಿ ಕಂಡುಬಂದರು. ಇಂಥ ಸಮೀಕ್ಷೆಯು ಒಂದೇ ದಿನ ತೆಗೆದ ಭಾವಚಿತ್ರವಿದ್ದಂತೆ. ಇಬ್ಬರು ಒಟ್ಟಿಗೆ ನಿಂತಿರುವದು ಕಾಣುವದೇ ಹೊರತು ಯಾರು ಯಾರನ್ನು ಕರೆತಂದರೆಂಬುದು ಕಾಣುವದಿಲ್ಲ. ಆದರೂ ನಡುವಣ ದಾರಿಯು ಬಹುಮಟ್ಟಿಗೆ ಗೊತ್ತಿರುವದು. ಹೊಟ್ಟೆಯ ಕೊಬ್ಬಿನೊಳಗೆ ಕೆಂಡವಿದ್ದಾಗ ದೇಹವು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವದಿಲ್ಲ. ಕೇಳದವನಿಗೆ ಗಟ್ಟಿಯಾಗಿ ಕೂಗುವಂತೆ ಇನ್ಸುಲಿನ್ ಹೆಚ್ಚು ಹೆಚ್ಚು ಸ್ರವಿಸುವದು. ಮಿಕ್ಕ ಅವಯವಗಳು ಕಿವುಡಾದರೂ ಮೂತ್ರಪಿಂಡಗಳು ಆ ಕೂಗನ್ನು ಕೇಳಿಸಿಕೊಂಡು ಉಪ್ಪನ್ನೂ ಯೂರಿಕ್ ಆಮ್ಲವನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುವವು. ಹೀಗೆ ಉಂಡ ಪ್ಯೂರಿನ್ ಸ್ವಲ್ಪವೇ ಇದ್ದರೂ ರಕ್ತದಲ್ಲಿ ಆಮ್ಲವು ಏರುವದು. ಮಾಂಸ ಮುಟ್ಟದವರಿಗೆ ಈ ರೋಗವೆಲ್ಲಿಂದ ಎಂಬ ಪ್ರಶ್ನೆಗೆ ಇದು ಅರ್ಧ ಉತ್ತರ.

ಉಳಿದರ್ಧವು ಸಿಹಿಯಲ್ಲಿದೆ. ಸಕ್ಕರೆಯ ಅರ್ಧ ಪಾಲು ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ. ಅದು ಯಕೃತ್ತನ್ನು ಹೊಕ್ಕೊಡನೆ ಕೋಶಗಳ ಶಕ್ತಿದ್ರವ್ಯವನ್ನು ಅವಸರದಿಂದ ವೆಚ್ಚಮಾಡುವದು. ವೆಚ್ಚವಾದ ದ್ರವ್ಯದ ಅವಶೇಷವು ನೇರವಾಗಿ ಯೂರಿಕ್ ಆಮ್ಲವಾಗುವದು. ಉಂಡ ಪದಾರ್ಥದಲ್ಲಿ ಪ್ಯೂರಿನ್ ಎಳ್ಳಷ್ಟೂ ಇಲ್ಲದಿದ್ದರೂ ಆಮ್ಲವನ್ನು ಹುಟ್ಟಿಸಬಲ್ಲ ಸಕ್ಕರೆ ಇದೊಂದೇ. ೨೦೦೮ ರಲ್ಲಿ ಪ್ರಕಟವಾದ, ಅಮೇರಿಕೆಯ ಗಂಡಸರನ್ನು ೧೨ ವರುಷ ನೋಡಿ ಬರೆದ ವರದಿಯಂತೆ, ದಿನಕ್ಕೆ ಎರಡು ಅಥವಾ ಹೆಚ್ಚು ಸಲ ಸಿಹಿ ಪಾನೀಯವನ್ನು ಕುಡಿಯುವವರಿಗೆ, ತಿಂಗಳಿಗೊಮ್ಮೆಯೂ ಕುಡಿಯದವರಿಗಿಂತ ಈ ಸಂಧಿರೋಗದ ಸಂಭವವು ಶೇಕಡಾ ೮೫ ರಷ್ಟು ಹೆಚ್ಚಾಗಿದ್ದಿತು. ನಮ್ಮಲ್ಲಿ ಅನೇಕರು "ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಮಾತ್ರ" ಎಂದು ಅಭಿಮಾನದಿಂದ ಹೇಳಿಕೊಳ್ಳುವರು. ಬೆಲ್ಲವು ಸಕ್ಕರೆಯ ಅಣ್ಣನೇ ಹೊರತು ಬೇರೆ ಕುಲದವನಲ್ಲ. ಜೇನುತುಪ್ಪವೂ ಹಾಗೆಯೇ. ಇಡಿಯ ಹಣ್ಣನ್ನು ಅಗಿದು ತಿನ್ನುವದಕ್ಕೆ ಈ ಆಕ್ಷೇಪಣೆ ಅಷ್ಟಾಗಿ ತಗುಲುವದಿಲ್ಲ. ಹಿಂಡಿ ರಸ ಮಾಡಿ ಲೋಟಗಟ್ಟಲೆ ಕುಡಿದರೆ ತಗುಲುವದು.

ನಮ್ಮ ತಾತಂದಿರ ತಾಟನ್ನೂ ನಮ್ಮ ತಾಟನ್ನೂ ಹೋಲಿಸಿ ನೋಡಿರಿ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡೆ, ಅಗಸಿಯ ಹಿಂಡಿ, ಗುರೆಳ್ಳಿನ ಹಿಂಡಿ, ಬೆಣ್ಣೆ ತೆಗೆದ ಮಜ್ಜಿಗೆ. ಈ ಊಟವನ್ನು ಆ ಅಮೇರಿಕನ್ ಅಳತೆಗೋಲಿನ ಮುಂದಿಟ್ಟರೆ ಅದರಲ್ಲಿ ದೋಷ ಕಾಣುವದು ಕಷ್ಟ. ನಾರು ಜೋಳದಲ್ಲಿಯೂ ಕಾಳಿನಲ್ಲಿಯೂ ಇದೆ. ಉರಿಯನ್ನು ತಗ್ಗಿಸುವ ಒಮೇಗಾ-೩ ಕೊಬ್ಬಿನ ಸಸ್ಯರೂಪವು ಅಗಸಿಯಲ್ಲಿದೆ. ಹಬ್ಬಕ್ಕೆ ಹೋಳಿಗೆ ಇದ್ದಿತು; ಆದರೆ ಹಬ್ಬವು ದಿನಾಲು ಇರಲಿಲ್ಲ, ಹೋಳಿಗೆಯ ಮರುದಿನ ಹೊಲದಲ್ಲಿ ಕಳೆ ಇದ್ದಿತು. ಇಂದು ನಮ್ಮ ತಾಟಿನಲ್ಲಿ ಹೊಟ್ಟು ತೆಗೆದು ಮೆರುಗು ಕೊಟ್ಟ ಅಕ್ಕಿ, ಮೈದೆಯ ರೊಟ್ಟಿ, ತಿರುತಿರುಗಿ ಕಾಯಿಸಿದ ಎಣ್ಣೆಯ ಕರಿದ ತಿಂಡಿ. ಎಣ್ಣೆ ಕೊಬ್ಬುಗಳಲ್ಲಿ ಆ ಗಟ್ಟಿಗೊಳಿಸಿದ ಕೊಬ್ಬಿನ ವಿಷಾಂಶವು ಶೇಕಡಾ ೨ ನ್ನು ಮೀರಬಾರದೆಂದು ನಮ್ಮ ದೇಶದಲ್ಲಿ ೨೦೨೨ ರಿಂದ ನಿಯಮವಾಗಿದೆ. ಆದರೆ ಬಾಣಲೆಯ ಎಣ್ಣೆಯನ್ನು ಎಷ್ಟು ಸಲ ಕಾಯಿಸಿದರೆಂದು ನೋಡುವ ಕಣ್ಣು ಉಣ್ಣುವವನದೇ ಆಗಬೇಕು.

ಈಗ ನಾನು ಮೊದಲು ಹೇಳಿದ, ೨೦೦೪ ರ ಸಂಶೋಧನೆಗೆ ಬರುವೆನು. ಅಮೇರಿಕೆಯಲ್ಲಿ ಆರೋಗ್ಯಸಂಬಂಧದ ವೃತ್ತಿಗಳಲ್ಲಿದ್ದ ೪೭,೧೫೦ ಗಂಡಸರ ಊಟವನ್ನು ೧೨ ವರುಷಗಳ ಕಾಲ ಬರೆದಿಟ್ಟು ನೋಡಿದರು. ಅಷ್ಟು ಜನರಲ್ಲಿ ೭೩೦ ಮಂದಿಗೆ ಹೊಸದಾಗಿ ಈ ರೋಗವು ಬಂದಿತು. ಮಾಂಸವನ್ನೂ ಮೀನನ್ನೂ ಹೆಚ್ಚು ತಿಂದವರಿಗೆ ಹೆಚ್ಚು ಬಂದುದು ನಿರೀಕ್ಷಿಸಿದ್ದೇ. ಬಿಯರ್ ಎಂಬ ಮದ್ಯವು ಎಲ್ಲಕ್ಕಿಂತ ಕೆಟ್ಟುದೆಂದು ಅದೇ ವರುಷ ಅದೇ ಪಂಡಿತರು ಬೇರೊಂದು ಲೇಖನದಲ್ಲಿ ತೋರಿಸಿದರು. ಆದರೆ ಪ್ಯೂರಿನ್ ಹೆಚ್ಚಿರುವ ಬಟಾಣಿ, ಕಾಳು, ಪಾಲಕ ಮುಂತಾದ ಸಸ್ಯಾಹಾರದಿಂದ ರೋಗವು ಹೆಚ್ಚಲಿಲ್ಲ. ಹಾಲು ಮೊಸರುಗಳನ್ನು, ಅದರಲ್ಲಿಯೂ ಕೊಬ್ಬು ತೆಗೆದವುಗಳನ್ನು, ಹೆಚ್ಚು ಸೇವಿಸಿದವರಲ್ಲಿ ರೋಗವು ಕಡಿಮೆಯಾಗಿಯೇ ಕಂಡಿತು. ಹಾಲಿನ ಸಸಾರಜನಕವು ಆಮ್ಲವನ್ನು ಮೂತ್ರದ ದಾರಿಯಿಂದ ಹೊರದೂಡುವದು. ಅಂದರೆ ನಾನು ತಂದೆಯವರಿಗೆ ಬಿಡಿಸಿದ ಬೇಳೆ ಕಾಳುಗಳು ನಿರಪರಾಧಿಗಳು. ಅವರು ಬಿಟ್ಟ ಮಜ್ಜಿಗೆಯು ಮಿತ್ರ. ನಾನು ಲಕ್ಷಿಸದೆ ಬಿಟ್ಟ ಚಹದ ಸಕ್ಕರೆಯೇ ಹಗೆ. ಇಷ್ಟು ನಿಜವನ್ನು ತಿಳಿಯದೆ ಒಬ್ಬ ಉಪಾಧ್ಯಾಯನ ತಾಟಿನಿಂದ ಸಾರವನ್ನು ತೆಗೆದು ನಿಸ್ಸಾರವನ್ನು ಉಳಿಸಿದೆನು. ಆ ಲೇಖನವನ್ನು ಓದಿದ ದಿನ ನಾನು ದವಾಖಾನೆಯ ಬಾಗಿಲು ಹಾಕಿಕೊಂಡು ಮನೆಗೆ ಹೋದೆನು. ಇಂದಿಗೂ ತೊಗರಿಬೇಳೆಯನ್ನು ಬಿಟ್ಟು ಬಡಕಲಾದ ಮುದುಕರು ನನ್ನ ಬಳಿಗೆ ಬರುತ್ತಲೇ ಇರುವರು. ಕೂಡಿದ ತಮಗೆಲ್ಲರಿಗೂ ನನ್ನ ವಿಜ್ಞಾಪನೆಯಿಷ್ಟೆ: ಬೇಳೆಯನ್ನು ಬಿಡಬೇಡಿರಿ.

ಹುಳಿಯ ಅಂಜಿಕೆಯೂ ಹಾಗೆಯೇ. ನಿಂಬೆಯ ಹುಳಿಯು ದೇಹದಲ್ಲಿ ಪಚನವಾದ ಮೇಲೆ ಮೂತ್ರದ ಆಮ್ಲಗುಣವನ್ನು ತಗ್ಗಿಸುವದು. ಯೂರಿಕ್ ಆಮ್ಲದ ಕಲ್ಲುಗಳು ಹುಳಿಯಾದ ಮೂತ್ರದಲ್ಲಿಯೇ ಕಟ್ಟುವವಾದ್ದರಿಂದ, ಸಕ್ಕರೆ ಹಾಕದ ನಿಂಬೆಯ ನೀರು ಹಿತಕರವೇ ಸರಿ. ಬೇಸಿಗೆಯಲ್ಲಿ ನೀರು ಸಹ ಕುಡಿಯದೆ ದಿನವಿಡೀ ನಿರಾಹಾರ ಮಾಡುವವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಟ್ಟುಪವಾಸದಲ್ಲಿ ದೇಹವು ಕೊಬ್ಬನ್ನು ಸುಡುವಾಗ ಹುಟ್ಟುವ ಆಮ್ಲಗಳು ಮೂತ್ರಪಿಂಡದ ಬಾಗಿಲಲ್ಲಿ ಯೂರಿಕ್ ಆಮ್ಲದೊಡನೆ ನೂಕಾಡಿ ಅದನ್ನು ಹೊರಗೆ ಹೋಗಗೊಡುವದಿಲ್ಲ. ಈ ರೋಗವುಳ್ಳವರು ಉಪವಾಸವಿರುವದಾದರೂ ನೀರನ್ನು ಬಿಡಬಾರದು. ಭಾರವನ್ನು ಇಳಿಸುವವರೂ ಮೆಲ್ಲಮೆಲ್ಲನೆ ಇಳಿಸಬೇಕು.

ಇಷ್ಟು ಹೇಳಿದ ಮೇಲೆ, ಊಟದ ಮೇಲೆಯೇ ಎಲ್ಲ ಹೊಣೆಯನ್ನೂ ಹೊರಿಸಿ ಹೋಗುವದು ನ್ಯಾಯವಲ್ಲ. ೨೦೧೮ ರಲ್ಲಿ, ಯುರೋಪಿನ ಮೂಲದ ೧೬ ಸಾವಿರಕ್ಕೂ ಮಿಕ್ಕಿದ ಅಮೇರಿಕನ್ನರ ವಿವರಗಳನ್ನು ಕೂಡಿಸಿ ಲೆಕ್ಕ ಹಾಕಿದರು. ಒಬ್ಬರಿಗೂ ಇನ್ನೊಬ್ಬರಿಗೂ ಯೂರಿಕ್ ಆಮ್ಲದಲ್ಲಿರುವ ಅಂತರಕ್ಕೆ ಊಟದ ಪದ್ಧತಿಯ ಅಂಕಗಳಿಂದ ಸಿಕ್ಕ ವಿವರಣೆಯು ಶೇಕಡಾ ೦.೩ ನ್ನು ಮೀರಲಿಲ್ಲ. ವಂಶಗುಣದಿಂದ ಸಿಕ್ಕುದು ಶೇಕಡಾ ೨೪ ರಷ್ಟು. ಇದನ್ನು ಕೇಳಿ ಕೆಲವರು "ಹಾಗಾದರೆ ಪಥ್ಯವೇಕೆ?" ಎಂದು ಎಲೆಯ ಮುಂದೆ ಧೈರ್ಯವಾಗಿ ಕೂಡ್ರುವರು. ಅವರು ಲೆಕ್ಕವನ್ನು ತಪ್ಪಾಗಿ ಓದಿದವರು. ಒಂದೇ ಹಂಡೆಯ ಅಡಿಗೆಯನ್ನು ಊರೆಲ್ಲ ಉಂಡರೆ, ಒಬ್ಬನಿಗೂ ಇನ್ನೊಬ್ಬನಿಗೂ ಕಾಣುವ ಅಂತರವೆಲ್ಲ ವಂಶದ್ದೇ ಆಗಿ ತೋರುವದು. ಹಂಡೆಯ ಅಡಿಗೆಯೇ ಬದಲಾದರೆ ಊರೆಲ್ಲದರ ಮಟ್ಟವು ಬದಲಾದೀತು. ಹಣ್ಣು ಕಾಯಿಪಲ್ಯೆ, ಇಡಿಯ ಧಾನ್ಯ, ಕೊಬ್ಬು ತೆಗೆದ ಹಾಲು, ಕಾಳು ಇವುಗಳಿಂದ ಕೂಡಿದ ಊಟವನ್ನು ೧೦೩ ಜನರಿಗೆ ಕೊಟ್ಟು ನೋಡಿದ ಪ್ರಯೋಗದ ಲೆಕ್ಕವು ೨೦೧೬ ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಕೂಡಿಸಿದರೆ ಆಮ್ಲವು ಇಳಿದುದು ೦.೩೫ ಮಿಲಿಗ್ರಾಂ ಮಾತ್ರ. ಮೊದಲೇ ೭ ನ್ನು ಮುಟ್ಟಿದವರಲ್ಲಿ ಅದು ೧ ನ್ನು ಮೀರಿ ಇಳಿಯಿತು. ಅಂಥವರ ಸಂಖ್ಯೆಯು ಬಹು ಸ್ವಲ್ಪವಾದುದರಿಂದ ಅದನ್ನು ಡಂಗುರ ಸಾರಲಾರೆನು. ಊಟಕ್ಕೆ ಇಷ್ಟು ಶಕ್ತಿಯುಂಟು, ಇಷ್ಟೇ ಉಂಟು. ಒಬ್ಬನ ಕಾಲು ಬಾತಿದ್ದನ್ನು ಕಂಡು ಅವನ ನಡತೆಯನ್ನು ಶಂಕಿಸುವವರಿಗೂ ಇದೇ ಲೆಕ್ಕವನ್ನು ನಾನು ತೋರಿಸುವೆನು. ಅವನು ಹೊತ್ತುದು ಹೆಚ್ಚಾಗಿ ಅಜ್ಜ ಮುತ್ತಜ್ಜರಿಂದ ಬಂದ ಮೂತ್ರಪಿಂಡಗಳ ಜಿಪುಣತನವನ್ನು.

ಕಾಲು ಬಾರದೆ ರಕ್ತದಲ್ಲಿ ಮಾತ್ರ ಆಮ್ಲವು ಹೆಚ್ಚಿದ್ದರೆ ಸಾಮಾನ್ಯವಾಗಿ ಗುಳಿಗೆಯ ಅವಶ್ಯಕತೆಯಿಲ್ಲ. ರಕ್ತದೊತ್ತಡ, ಸಕ್ಕರೆ, ಮೂತ್ರಪಿಂಡ ಇವುಗಳನ್ನು ಪರೀಕ್ಷಿಸಿಕೊಂಡು ಊಟವನ್ನೂ ಭಾರವನ್ನೂ ತಿದ್ದಿಕೊಳ್ಳಬೇಕು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕ ಗುಳಿಗೆಗಳೂ, ಹೃದಯಕ್ಕೆಂದು ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್ನೂ ಆಮ್ಲವನ್ನು ಏರಿಸುವವು. ಆದರೆ ವೈದ್ಯನನ್ನು ಕೇಳದೆ ಅವುಗಳನ್ನು ನಿಲ್ಲಿಸುವದು ಪ್ರಾಣಾಪಾಯ. ಪದೇ ಪದೇ ಕಾಲು ಬರುವವರಿಗೆ ಪಥ್ಯವೊಂದೇ ಸಾಲದು. ಆಲೋಪ್ಯೂರಿನಾಲ್ ಎಂಬ ಔಷಧವು ಅಮೇರಿಕೆಯಲ್ಲಿ ೧೯೬೬ ರಿಂದಲೂ ಬಳಕೆಯಲ್ಲಿರುವದು. ಅದನ್ನು ಸಾಧ್ಯವಾಗಿಸಿದ ಗರ್ಟ್ರೂಡ್ ಎಲಿಯನ್ ಎಂಬ ವಿದುಷಿಗೂ ಅವಳ ಸಹೋದ್ಯೋಗಿ ಜಾರ್ಜ್ ಹಿಚಿಂಗ್ಸ್ ಎಂಬವರಿಗೂ ೧೯೮೮ ರಲ್ಲಿ ನೋಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅದು ಆಮ್ಲದ ಹುಟ್ಟನ್ನೇ ತಡೆಯುವದು. ಆಮ್ಲವನ್ನು ೬ ಕ್ಕಿಂತ ಕೆಳಗೆ ವರುಷಗಟ್ಟಲೆ ನಿಲ್ಲಿಸಿದರೆ ಕಟ್ಟಿದ ಹರಳೂ ಕರಗುವದು. ಆರಂಭದ ತಿಂಗಳುಗಳಲ್ಲಿ ಹರಳು ಕದಲುವಾಗ ಕಾಲು ಒಮ್ಮೊಮ್ಮೆ ಬರುವದುಂಟು. ಔಷಧವೇ ರೋಗವನ್ನು ತಂದಿತೆಂದು ಆಗ ಬಿಟ್ಟುಬಿಡುವವರೇ ಬಹಳ. ಮೈಮೇಲೆ ಗಂಧೆಗಳೆದ್ದರೆ ಮಾತ್ರ ಆ ಕ್ಷಣವೇ ನಿಲ್ಲಿಸಿ ವೈದ್ಯನಲ್ಲಿಗೆ ಹೋಗಬೇಕು.

ನಮ್ಮ ಬೇಲಿಗಳಲ್ಲಿ ಬೆಂಕಿಯ ಬಣ್ಣದ ಹೂ ಬಿಡುವ ಅಗ್ನಿಶಿಖೆಯ ಗಡ್ಡೆಯನ್ನು ಈ ಬೇನೆಗೆ ಕೊಡುವವರಿದ್ದಾರೆಂದು ಕೇಳಿಬಲ್ಲೆನು. ಅದರಲ್ಲಿ ಕಾಲ್ಚಿಸಿನ್ ಎಂಬ ನಿಜವಾದ ಔಷಧದ್ರವ್ಯವಿರುವದು ಸುಳ್ಳಲ್ಲ. ವೈದ್ಯರು ಅದನ್ನು ಮಿಲಿಗ್ರಾಮಿನ ಅಳತೆಯಲ್ಲಿ ಕೊಡುವರು. ಗಡ್ಡೆಯಲ್ಲಿ ಅಳತೆಯಿಲ್ಲ. ಅದನ್ನು ಅರೆದು ಕುಡಿದವರು ಸತ್ತುದುಂಟು.

ನೋವಿನ ಗುಳಿಗೆಗಳ ಮಾತೊಂದು ಉಳಿಯಿತು. ಕಾಲು ಬಂದಾಗ ವೈದ್ಯನ ಕಣ್ಗಾವಲಿನಲ್ಲಿ ನಾಲ್ಕಾರು ದಿನ ತೆಗೆದುಕೊಳ್ಳುವದಕ್ಕೆ ನಾನು ಅಡ್ಡಿ ಹೇಳುವವನಲ್ಲ. ತಿಂಗಳುಗಟ್ಟಲೆ, ವರುಷಗಟ್ಟಲೆ, ಅಂಗಡಿಯವನು ಕೊಟ್ಟಂತೆ ನುಂಗುವವರು ಇಲ್ಲಿಯೂ ಹಲವರಿರುವರೆಂದು ನಿನ್ನೆ ಪ್ರಸಾದದ ಹೊತ್ತಿನಲ್ಲಿ ಆಡಿದ ಮಾತುಗಳಿಂದ ತಿಳಿದೆನು. ನಾಚಿಕೊಂಡು ಬಚ್ಚಿಟ್ಟುಕೊಂಡವರು ಇನ್ನೆಷ್ಟೋ. ನಾಳೆ ಬೆಳಿಗ್ಗೆ ಎಂಟು ಗಂಟೆಯಿಂದ ಪಾಠಶಾಲೆಯ ಮೂಡಣ ಕೋಣೆಯಲ್ಲಿ ನಾನು ಕುಳಿತಿರುವೆನು. ರಕ್ತವನ್ನು ತೆಗೆಯುವ ಇಬ್ಬರು ಹುಡುಗರೂ ನನ್ನ ಸಂಗಡ ಇರುವರು. ಬರುವವರು ತಾವು ನುಂಗುವ ಎಲ್ಲ ಗುಳಿಗೆಗಳನ್ನೂ, ಹೆಸರು ಗೊತ್ತಿರಲಿ ಇಲ್ಲದಿರಲಿ, ಒಂದು ಚೀಲದಲ್ಲಿ ಹಾಕಿಕೊಂಡು ತರಬೇಕು. ಕಾಲು ಎಷ್ಟು ವರುಷಗಳಿಂದ ಬರುತ್ತಿದೆಯೆಂಬುದನ್ನು ಸಂಗಡ ಬಂದವರ ಎದುರಿಗೆ ಹೇಳಲು ಮನಸ್ಸಿಲ್ಲದವರಿಗಾಗಿ ಬಾಗಿಲಿಗೆ ಪರದೆಯನ್ನು ಹಾಕಿಸಿರುವೆನು.